ಎಫ್. ಡಬ್ಲ್ಯು. ಮುರ್ನೌ: ಬೆಳಕು, ಕತ್ತಲೆ ಮತ್ತು ಪಾಠಾಂತರ

ಜರ್ಮನಿಯ ನ್ಯಾಯಾಲಯವೊಂದು 1925ರಲ್ಲಿ ಒಂದು ಚಲನಚಿತ್ರದ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ತೀರ್ಪಿತ್ತಿತು. ಮೂರು ವರ್ಷಗಳ ಹಿಂದೆ ತೆರೆಕಂಡಿದ್ದ ಆ ಚಿತ್ರ ‘ನೊಸ್ಫೆರಾಟು’. ಅದರ ನಿರ್ದೇಶಕ ಫ್ರೀಡ್ರಿಶ್ ವಿಲ್‌ಹೆಲ್ಮ್ ಮುರ್ನೌ ಅದೇ ವರ್ಷ ‘ಫೌಸ್ಟ್’ ಎಂಬ ಮತ್ತೊಂದು ಚಿತ್ರದ ಕೆಲಸದಲ್ಲಿ ತೊಡಗಿದ್ದ. ನಾಶವಾಗಬೇಕಿದ್ದ ಚಿತ್ರ ಹಲವು ದೇಶಗಳಲ್ಲಿ ಹರಿದುಹಂಚಿ ಉಳಿದುಕೊಂಡಿತು. ಯುರೋಪಿನ ದೊಡ್ಡ ಚಿತ್ರಸಂಸ್ಥೆಯೊಂದರ ಆಶ್ರಯದಲ್ಲಿ ಅಪಾರ ಹಣ ವ್ಯಯಿಸಿ ಸಿದ್ಧಪಡಿಸಿದ ಇನ್ನೊಂದು ಚಿತ್ರವಾದರೋ ಐದು ಬೇರೆ ಬೇರೆ ರೂಪಗಳಲ್ಲಿ ಉಳಿಯಿತು. ಭಯ, ಮೃತ್ಯು, ಅಲೌಕಿಕ ಇವುಗಳನ್ನು ದೃಶ್ಯಭಾಷೆಯಲ್ಲಿ ಕಟ್ಟಿಕೊಟ್ಟ ಕೃತಿಗಳೆಂದು ಇವೆರಡಕ್ಕೂ ವಿಶ್ವಸಿನಿಮಾದ ಚರಿತ್ರೆಯಲ್ಲಿ ಎತ್ತರದ ಸ್ಥಾನವಿದೆ. ಆದರೆ ಮೆಚ್ಚುವವರು ಮೆಚ್ಚುತ್ತಿರುವುದು ಯಾವ ಪ್ರತಿಯನ್ನು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುರ್ನೌನ ಸಾಧನೆಯನ್ನು ಅಳೆಯುವುದು ಕಷ್ಟ. ಗ್ರಂಥಸಂಪಾದನೆಯ ಅಭ್ಯಾಸಿಗಳಿಗೆ ತೀರ ಪರಿಚಿತವಾದ ಈ ಪ್ರಶ್ನೆ ಮುರ್ನೌನ ವೃತ್ತಿಜೀವನದ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುತ್ತದೆ.

ಆತನ ಹುಟ್ಟುಹೆಸರು ಫ್ರೀಡ್ರಿಶ್ ವಿಲ್‌ಹೆಲ್ಮ್ ಪ್ಲುಂಪೆ. 1888ರ ಡಿಸೆಂಬರ್ 28ರಂದು ವೆಸ್ಟ್‌ಫಾಲಿಯಾ ಪ್ರಾಂತದ ಬೀಲೆಫೆಲ್ಡ್ ಪಟ್ಟಣದಲ್ಲಿ ಜನಿಸಿದ. ತಂದೆ ಬಟ್ಟೆಯ ಉದ್ಯಮ ನಡೆಸುತ್ತಿದ್ದ ಅನುಕೂಲಸ್ಥ, ತಾಯಿ ಶಿಕ್ಷಕಿಯಾಗಿದ್ದವಳು. ಕುಟುಂಬ ಮುಂದೆ ಕಾಸೆಲ್ ನಗರದಲ್ಲಿ ನೆಲೆಸಿತು. ಒಡಹುಟ್ಟಿದವರನ್ನು ಸೇರಿಸಿಕೊಂಡು ಮನೆಯಲ್ಲಿಯೇ ನಾಟಕವಾಡಿಸುತ್ತಿದ್ದ ಹುಡುಗ ಹರೆಯಕ್ಕೆ ಬರುವ ಮೊದಲೇ ಇಬ್ಸನ್, ಷೇಕ್ಸ್‌ಪಿಯರ್, ನೀಚೆ, ಶೋಪೆನ್‌ಹಾವರ್ ಇವರ ಕೃತಿಗಳನ್ನು ಹಿಡಿದು ಕೂರುತ್ತಿದ್ದನೆಂದು ಜೀವನಚರಿತ್ರಕಾರರು ದಾಖಲಿಸಿದ್ದಾರೆ. ಬರ್ಲಿನ್ನಿನಲ್ಲಿ ಫಿಲಾಲಜಿ ಎನ್ನಲಾಗುವ ಭಾಷಾ–ಗ್ರಂಥಶಾಸ್ತ್ರವನ್ನೂ ಹೈಡೆಲ್‌ಬರ್ಗಿನಲ್ಲಿ ಕಲಾಚರಿತ್ರೆ ಮತ್ತು ಸಾಹಿತ್ಯವನ್ನೂ ಆತ ಅಭ್ಯಾಸಮಾಡಿದ. ಆ ಕಾಲದ ಚಲನಚಿತ್ರ ನಿರ್ದೇಶಕರಲ್ಲಿ ಇಷ್ಟು ವ್ಯವಸ್ಥಿತವಾದ ಸಾಹಿತ್ಯ–ಕಲಾಶಿಕ್ಷಣ ಪಡೆದವರು ವಿರಳ. ಆತನ ಚಿತ್ರಗಳಲ್ಲಿ ಕಾಣುವ ಚಿತ್ರಕಲೆಯ ನೆನಪುಗಳು ಅಲಂಕಾರಕ್ಕಾಗಿ ತಂದುಕೊಂಡವಲ್ಲ. ತರಗತಿಯಲ್ಲಿ ಶಿಸ್ತಿನಿಂದ ಕಲಿತ ನೋಡುವಿಕೆಯ ಫಲಗಳು.

ಹೈಡೆಲ್‌ಬರ್ಗಿನ ವಿದ್ಯಾರ್ಥಿಗಳ ನಾಟಕವೊಂದರಲ್ಲಿ ಈತನ ಅಭಿನಯವನ್ನು ಕಂಡ ಹೆಸರಾಂತ ರಂಗನಿರ್ದೇಶಕ ಮಾಕ್ಸ್ ರೈನ್‌ಹಾರ್ಟ್ ತನ್ನ ರಂಗಶಾಲೆಗೆ ಕರೆಸಿಕೊಂಡ. ಬೆಳಕನ್ನು ಮಾತಿನಷ್ಟೇ ಮುಖ್ಯವಾದ ರಂಗಸಾಧನವನ್ನಾಗಿ ಮಾಡಿದವನು ರೈನ್‌ಹಾರ್ಟ್. ಕತ್ತಲ ರಂಗದ ಮೇಲೆ ಒಂದು ಮುಖ ಅಥವಾ ಒಂದು ಕೈ ಮಾತ್ರ ಬೆಳಗುವಂತೆ ಮಾಡುವ ವಿದ್ಯೆಯನ್ನು ಒಂದು ತಲೆಮಾರಿನ ಜರ್ಮನ್ ಚಿತ್ರನಿರ್ದೇಶಕರು ಆತನಿಂದಲೇ ಕಲಿತರು. ರಂಗಭೂಮಿಗೆ ಇಳಿದ ಯುವಕ ಮನೆತನದ ಹೆಸರನ್ನು ಬಿಟ್ಟು, ಬವೇರಿಯಾದ ಸರೋವರವೊಂದರ ದಡದಲ್ಲಿರುವ ಮುರ್ನೌ ಎಂಬ ಊರಿನ ಹೆಸರನ್ನು ಧರಿಸಿದ. ಮುಂದಿನ ಜಗತ್ತು ಆತನನ್ನು ಬಲ್ಲುದು ಆ ಹೆಸರಿನಿಂದಲೇ.

ಈ ಅವಧಿಯಲ್ಲಿ ಆತನಿಗೆ ಅತ್ಯಂತ ಆಪ್ತನಾಗಿದ್ದವನು ಕವಿ ಹಾನ್ಸ್ ಏರೆನ್‌ಬೌಮ್–ಡೇಗೆಲೆ. ಒಂದನೆಯ ಮಹಾಯುದ್ಧ ಆರಂಭವಾದಾಗ ಇಬ್ಬರೂ ಸೈನ್ಯ ಸೇರಿದರು. 1915ರಲ್ಲಿ ಪೂರ್ವರಂಗದ ಕದನದಲ್ಲಿ ಏರೆನ್‌ಬೌಮ್–ಡೇಗೆಲೆ ಮಡಿದ. ಕಾಲ್ದಳದಲ್ಲಿದ್ದ ಮುರ್ನೌ ಅನಂತರ ವಾಯುದಳಕ್ಕೆ ಸೇರಿ ವಿಮಾನ ಹಾರಿಸಿದ. ಹಲವು ಅಪಘಾತಗಳಲ್ಲಿ ಬದುಕುಳಿದ. 1917ರಲ್ಲಿ ಆತನ ವಿಮಾನ ತಟಸ್ಥ ರಾಷ್ಟ್ರವಾಗಿದ್ದ ಸ್ವಿಟ್ಜರ್ಲೆಂಡಿನಲ್ಲಿ ಇಳಿದುದರಿಂದ ಯುದ್ಧ ಮುಗಿಯುವವರೆಗೆ ಅಲ್ಲಿಯೇ ಬಂಧಿಯಾಗಿ ಉಳಿಯಬೇಕಾಯಿತು. ಆ ಬಂಧನದ ಕಾಲದಲ್ಲಿಯೂ ಆತ ನಾಟಕವಾಡಿಸಿದ. ಬರ್ಲಿನ್ನಿಗೆ ಮರಳಿದ ಮೇಲೆ ಮೃತ ಗೆಳೆಯನ ಮನೆಯವರು ತಮ್ಮ ಗ್ರುನೆವಾಲ್ಡ್ ಬಡಾವಣೆಯ ಮನೆಯಲ್ಲಿ ಆತನಿಗೆ ಆಶ್ರಯವಿತ್ತರು. ಗೆಳೆಯನಿಲ್ಲದ ಮನೆಯಲ್ಲಿ, ಗೆಳೆಯನ ನೆನಪಿನ ನಡುವೆಯೇ ಆತ ತನ್ನ ಮುಖ್ಯ ಚಿತ್ರಗಳನ್ನು ಯೋಚಿಸಿದನೆಂಬುದನ್ನು ಮರೆಯಲಾಗದು.

ಮುರ್ನೌ ಸಲಿಂಗಪ್ರೇಮಿಯಾಗಿದ್ದ. ಅಂದಿನ ಜರ್ಮನ್ ದಂಡಸಂಹಿತೆಯ 175ನೆಯ ವಿಧಿ ಅದನ್ನು ಅಪರಾಧವೆಂದು ಪರಿಗಣಿಸುತ್ತಿತ್ತು. ಈ ಸಂಗತಿಯನ್ನೇ ಕೀಲಿಕೈಯಾಗಿಸಿಕೊಂಡು ಆತನ ಎಲ್ಲ ಚಿತ್ರಗಳನ್ನೂ ಗುಪ್ತ ಆತ್ಮಕಥನಗಳೆಂದು ಓದುವ ವಿಮರ್ಶೆ ಬೆಳೆದಿದೆ. ಬದುಕಿನ ಭಯ ಕೃತಿಯೊಳಗೆ ನುಸುಳುವುದು ಸಹಜವೇ. ಆದರೆ ‘ನೊಸ್ಫೆರಾಟು’ವಿನ ಕಥೆ ಬೇರೊಬ್ಬನ ಕಾದಂಬರಿಯದು, ಚಿತ್ರಕಥೆ ಮತ್ತೊಬ್ಬನದು, ಪ್ರೇತದ ರೂಪವನ್ನು ಕಲ್ಪಿಸಿದವನು ಇನ್ನೊಬ್ಬ. ಇಂತಹ ಸಾಮೂಹಿಕ ಕೃತಿಯನ್ನು ಒಬ್ಬನ ತಪ್ಪೊಪ್ಪಿಗೆಯಾಗಿ ಓದುವುದು ಅವಸರದ ನಿರ್ಣಯವಾಗುತ್ತದೆ.

1919ರಲ್ಲಿ ಮುರ್ನೌ ಚಿತ್ರನಿರ್ದೇಶನಕ್ಕೆ ಇಳಿದ. ಮೊದಲ ಚಿತ್ರ ‘ನೀಲಿ ಉಡುಪಿನ ಹುಡುಗ’ ಉಳಿದಿಲ್ಲ. ಸ್ಟೀವನ್‌ಸನ್ನನ ಜೆಕಿಲ್–ಹೈಡ್ ಕಥೆಯನ್ನು ಆಧರಿಸಿ 1920ರಲ್ಲಿ ಮಾಡಿದ ‘ಜಾನುಸ್ ತಲೆ’ಯೂ ಇಲ್ಲ, ಕಾನ್ರಾಡ್ ಫೈಟ್ ಅದರ ನಾಯಕನಾಗಿದ್ದ, ಮುಂದೆ ಹಾಲಿವುಡ್ಡಿನಲ್ಲಿ ಡ್ರಾಕುಲಾ ಪಾತ್ರದಿಂದ ಹೆಸರಾದ ಬೇಲಾ ಲುಗೋಸಿ ಚಿಕ್ಕ ಪಾತ್ರದಲ್ಲಿದ್ದ. ಒಟ್ಟು ಇಪ್ಪತ್ತೊಂದು ಚಿತ್ರಗಳಲ್ಲಿ ಸಮಗ್ರವೆನ್ನಬಹುದಾದ ರೂಪದಲ್ಲಿ ಉಳಿದಿರುವವು ಹನ್ನೆರಡು. ಸ್ವಂತ ಶೈಲಿ ರೂಪುಗೊಂಡ ಮೊದಲ ವರ್ಷಗಳ ಬಹುಭಾಗ ನಷ್ಟವಾಗಿರುವುದರಿಂದ ‘ನೊಸ್ಫೆರಾಟು’ ಪೂರ್ವಸಿದ್ಧತೆಯೇ ಇಲ್ಲದೆ ಥಟ್ಟನೆ ಉದಿಸಿದ ಕೃತಿಯೆಂಬ ಭ್ರಮೆ ಉಂಟಾಗುತ್ತದೆ.

ಆ ಚಿತ್ರವನ್ನು ನಿರ್ಮಿಸಿದ ಸಂಸ್ಥೆಯ ಹೆಸರು ಕನ್ನಡ ಓದುಗರನ್ನು ಕ್ಷಣಕಾಲ ನಿಲ್ಲಿಸುತ್ತದೆ: ಪ್ರಾಣ–ಫಿಲ್ಮ್. ಅದು ನಮ್ಮ ‘ಪ್ರಾಣ’ ಶಬ್ದವೇ. ಸಂಸ್ಥೆಯ ಸ್ಥಾಪಕರಲ್ಲೊಬ್ಬನೂ ಚಿತ್ರದ ಕಲಾನಿರ್ದೇಶಕನೂ ಆದ ಆಲ್ಬಿನ್ ಗ್ರೌ ಗೂಢವಿದ್ಯೆಯ ಅಭ್ಯಾಸಿ. ಭಾರತೀಯ ಪರಿಭಾಷೆ ಅಂದಿನ ಯುರೋಪಿನ ಗೂಢವಿದ್ಯಾವಲಯಗಳಲ್ಲಿ ಧಾರಾಳವಾಗಿ ಚಲಾವಣೆಯಲ್ಲಿತ್ತು. ಪ್ರಾಣವನ್ನು ಹೀರಿ ಬದುಕುವ ಹೆಣವೊಂದರ ಕಥೆಯನ್ನು ಆ ಹೆಸರಿನ ಸಂಸ್ಥೆ ತೆರೆಗೆ ತಂದುದು ವಿಚಿತ್ರವಾದರೂ ನಿಜ. ಈ ಒಂದೇ ಚಿತ್ರದೊಡನೆ ಆ ಸಂಸ್ಥೆಯ ಪ್ರಾಣವೂ ಹೋಯಿತು.

ಕಥೆ ಬ್ರಾಮ್ ಸ್ಟೋಕರನ 1897ರ ‘ಡ್ರಾಕುಲಾ’ ಕಾದಂಬರಿಯದು. ಚಿತ್ರಕಥೆಗಾರ ಹೆನ್ರಿಕ್ ಗಾಲೀನ್ ಲಂಡನ್ನನ್ನು ಬಿಟ್ಟು ವಿಸ್ಬೋರ್ಗ್ ಎಂಬ ಕಲ್ಪಿತ ಜರ್ಮನ್ ಬಂದರು ಪಟ್ಟಣಕ್ಕೂ 1838ರ ಕಾಲಕ್ಕೂ ಕಥೆಯನ್ನು ಒಯ್ದ. ಕೌಂಟ್ ಡ್ರಾಕುಲಾ ಇಲ್ಲಿ ಕೌಂಟ್ ಓರ್ಲಾಕ್ ಆದ. ಮನೆ ಮಾರುವ ವ್ಯವಹಾರಕ್ಕಾಗಿ ಕಾರ್ಪೇಥಿಯನ್ ಬೆಟ್ಟಗಳ ಕೋಟೆಗೆ ಹೋದ ಹಟ್ಟರ್ ಎಂಬ ತರುಣ ಅಲ್ಲಿ ಸಿಕ್ಕಿಬೀಳುತ್ತಾನೆ. ಓರ್ಲಾಕ್ ಮಣ್ಣು ತುಂಬಿದ ಶವಪೆಟ್ಟಿಗೆಗಳೊಡನೆ ಹಡಗೇರಿ ಪಟ್ಟಣಕ್ಕೆ ಬರುತ್ತಾನೆ. ಆತನೊಡನೆ ಇಲಿಗಳೂ ಪ್ಲೇಗೂ ಬರುತ್ತವೆ. ಕೊನೆಗೆ ಹಟ್ಟರನ ಹೆಂಡತಿ ಎಲೆನ್ ಕೋಳಿ ಕೂಗುವವರೆಗೂ ಆತನನ್ನು ತನ್ನ ಬಳಿ ನಿಲ್ಲಿಸಿಕೊಂಡು, ತನ್ನ ಜೀವವನ್ನು ತೆತ್ತು ಪಟ್ಟಣವನ್ನು ಉಳಿಸುತ್ತಾಳೆ. ನಮ್ಮ ಕಥಾಪರಂಪರೆಯ ಬೇತಾಳ, ಬ್ರಹ್ಮರಾಕ್ಷಸರೊಡನೆ ಓರ್ಲಾಕ್‌ನನ್ನು ಸಮೀಕರಿಸುವುದು ಸರಿಯಾಗದು. ಬೇತಾಳ ಮಾತಾಡುತ್ತದೆ, ಒಗಟು ಹಾಕುತ್ತದೆ, ಜಾಣನಿಗೆ ಒಲಿಯುತ್ತದೆ. ಓರ್ಲಾಕ್‌ನೊಡನೆ ಸಂವಾದವೇ ಸಾಧ್ಯವಿಲ್ಲ. ರೋಗದ ಹಾಗೆ ಆತ ಸುಮ್ಮನೆ ಬರುತ್ತಾನೆ.

ಅಂದಿನ ಜರ್ಮನ್ ಸಿನಿಮಾದ ಅಭಿವ್ಯಕ್ತಿವಾದಕ್ಕೆ ಮಾದರಿಯೆನಿಸಿದ್ದ ‘ಡಾ. ಕಾಲಿಗರಿಯ ಕ್ಯಾಬಿನೆಟ್’ (1920) ಓರೆಕೋರೆಯಾಗಿ ಬಣ್ಣಬಳಿದ ಪರದೆಗಳ ನಡುವೆ ಸ್ಟುಡಿಯೋದೊಳಗೆ ಚಿತ್ರಿತವಾದದ್ದು. 1921ರಲ್ಲಿ ಮುರ್ನೌ ಮಾಡಿದ್ದು ತದ್ವಿರುದ್ಧ. ಆತ ಕ್ಯಾಮೆರಾವನ್ನು ಹೊರಗೆ ಒಯ್ದ. ವಿಸ್ಮಾರ್ ಪಟ್ಟಣದ ಬೀದಿಗಳು, ಲ್ಯೂಬೆಕ್ ನಗರದ ಹಳೆಯ ಉಪ್ಪಿನ ಕೋಠಿಗಳು, ಇಂದಿನ ಸ್ಲೊವಾಕಿಯಾದ ಓರಾವಾ ಕೋಟೆ, ತಾತ್ರಾ ಬೆಟ್ಟಸಾಲು ಇವೇ ಆತನ ರಂಗಸಜ್ಜಿಕೆ. ಕತ್ತಲೆಯ ಕಥೆಯನ್ನು ನಿಜವಾದ ಗಾಳಿ, ನಿಜವಾದ ಅಲೆ, ನಿಜವಾದ ಕಲ್ಲುಗಳ ನಡುವೆ ನಿಲ್ಲಿಸಿದ್ದರಿಂದ ಅದರ ಭಯಾನಕತೆ ಇಮ್ಮಡಿಯಾಯಿತು. ತಿರುಚಿದ ಲೋಕದಲ್ಲಿ ಪ್ರೇತ ಬಂದರೆ ಅಚ್ಚರಿಯೇನೂ ಇಲ್ಲ. ದಿನನಿತ್ಯದ ಬಾಗಿಲಿನ ಕಮಾನಿನ ಕೆಳಗೆ ಅದು ಬಂದು ನಿಂತಾಗ ನೋಡುಗನಿಗೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ. ಓರ್ಲಾಕ್ ಮತ್ತೆ ಮತ್ತೆ ಕಮಾನುಗಳ ನಡುವೆಯೇ ಕಾಣಿಸಿಕೊಳ್ಳುತ್ತಾನೆ. ಬಾಗಿಲಿನ ಚೌಕಟ್ಟು ಶವಪೆಟ್ಟಿಗೆಯ ಆಕಾರಕ್ಕೆ ತಿರುಗುವುದು ನೋಡುಗನ ಅರಿವಿಗೆ ನಿಧಾನವಾಗಿ ಬರುತ್ತದೆ. ಕಡಲ ದಡದ ಶಿಲುಬೆಗಳ ನಡುವೆ ಗಂಡನಿಗಾಗಿ ಕಾದು ಕುಳಿತ ಎಲೆನ್‌ಳ ದೃಶ್ಯ ಹತ್ತೊಂಬತ್ತನೆಯ ಶತಮಾನದ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ಕ್ಯಾನ್ವಾಸುಗಳನ್ನು ನೆನಪಿಸುತ್ತದೆ.

ತಂತ್ರಗಳೂ ಇಲ್ಲದಿಲ್ಲ. ಕೋಟೆಯತ್ತ ಸಾಗುವ ಕುದುರೆಗಾಡಿಯ ದೃಶ್ಯದಲ್ಲಿ ಒಂದು ಭಾಗವನ್ನು ನೆಗೆಟಿವ್ ರೂಪದಲ್ಲಿಯೇ ತೋರಿಸಲಾಗಿದೆ: ಕಾಡು ಬೆಳ್ಳಗಾಗುತ್ತದೆ, ಆಕಾಶ ಕಪ್ಪಾಗುತ್ತದೆ. ಆದರೆ ಚಿತ್ರದ ನಿಜವಾದ ಬಲ ಇಂತಹ ಚಮತ್ಕಾರಗಳಲ್ಲಿಲ್ಲ. ಎಲೆನ್‌ಳ ಕೋಣೆಯತ್ತ ಮೆಟ್ಟಿಲೇರುವ ಓರ್ಲಾಕ್‌ನ ದೇಹ ಕಾಣುವುದಿಲ್ಲ, ಗೋಡೆಯ ಮೇಲಿನ ನೆರಳು ಮಾತ್ರ ಕಾಣುತ್ತದೆ. ಆ ನೆರಳಿನ ಕೈ ಆಕೆಯ ಎದೆಯ ಮೇಲೆ ಸರಿದು ಮುಷ್ಟಿ ಬಿಗಿಯುತ್ತದೆ. ಇಲ್ಲಿ ನೆರಳು ವ್ಯಕ್ತಿಯ ಸೂಚನೆಯಾಗಿ ಉಳಿಯದೆ ತಾನೇ ಕರ್ತೃವಾಗುತ್ತದೆ. ಬೆಳಗಿನ ಮೊದಲ ಬಿಸಿಲಿಗೆ ಓರ್ಲಾಕ್ ಕರಗಿಹೋಗುವ ಅಂತ್ಯವೂ ಸ್ಟೋಕರನ ಕಾದಂಬರಿಯಲ್ಲಿಲ್ಲ. ರಕ್ತ ಹೀರುವ ಪ್ರೇತಕ್ಕೆ ಸೂರ್ಯನ ಬೆಳಕೇ ಸಾವು ಎಂದು ಇಂದು ಜನಜನಿತವಾಗಿರುವ ನಂಬಿಕೆಯ ಮೂಲ ಈ ಚಿತ್ರದಲ್ಲಿದೆ. ಬೆಳಕನ್ನು ಒಡ್ಡಿಯೇ ಬಿಂಬ ಪಡೆಯುವ ಮಾಧ್ಯಮವೊಂದು ಬೆಳಕಿನಿಂದಲೇ ಪ್ರೇತವನ್ನು ಅಳಿಸಿದ್ದು ಮುರ್ನೌಗೆ ಸಹಜವಾದ ತರ್ಕ.

ಪಾಠದ ಸಮಸ್ಯೆ ಎದುರಾಗುವುದು ಇಲ್ಲಿಯೇ. ಅಂದಿನ ಫಿಲ್ಮಿನಲ್ಲಿ ರಾತ್ರಿಯನ್ನು ರಾತ್ರಿಯಲ್ಲಿಯೇ ಚಿತ್ರಿಸುವುದು ಕಷ್ಟವಾಗಿತ್ತು. ಹಗಲಿನಲ್ಲಿ ಚಿತ್ರಿಸಿ, ಅನಂತರ ಪ್ರತಿಯ ಆ ಭಾಗಕ್ಕೆ ನೀಲಿ ಬಣ್ಣ ಹಿಡಿಸಿ ರಾತ್ರಿಯೆಂದು ಸೂಚಿಸುವುದು ವಾಡಿಕೆ. ಹಳದಿ ಬಣ್ಣವಿದ್ದರೆ ದೀಪ ಅಥವಾ ಹಗಲು, ನಸುಗೆಂಪಾದರೆ ಮುಂಜಾವು. ಮುಂದಿನ ದಶಕಗಳಲ್ಲಿ ತೆಗೆದ ನಕಲುಗಳಲ್ಲಿ ಈ ಬಣ್ಣಗಳು ಕಳೆದುಹೋದವು. ಕಪ್ಪು ಬಿಳುಪಿನ ಪ್ರತಿಗಳೇ ಎಲ್ಲೆಡೆ ಹಬ್ಬಿದವು. ಆ ಪ್ರತಿಗಳಲ್ಲಿ, ಬಿಸಿಲಿಗೆ ಸಾಯಬೇಕಾದ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಹಾಡಹಗಲೇ ಪಟ್ಟಣದಲ್ಲಿ ಅಡ್ಡಾಡುತ್ತಾನೆ. ನೋಡಿದವರು ಇದನ್ನು ನಿರ್ದೇಶಕನ ಅಜಾಗರೂಕತೆಯೆಂದು ಎಣಿಸಿದ್ದೂ ಉಂಟು, ಹಗಲುಗನಸಿನ ಕಾವ್ಯವೆಂದು ಕೊಂಡಾಡಿದ್ದೂ ಉಂಟು. ಎರಡೂ ನಿರ್ಣಯಗಳು ನಿಂತಿದ್ದದ್ದು ಲಿಪಿಕಾರ ದೋಷವೊಂದರ ಮೇಲೆ. ಫಲಕಗಳ ಬರಹದ ಕಥೆಯೂ ಬೇರೆಯಲ್ಲ. ಇಂಗ್ಲಿಷ್ ಪ್ರತಿಗಳಲ್ಲಿ ಓರ್ಲಾಕ್ ಮತ್ತೆ ಡ್ರಾಕುಲಾ ಆದ, ಹಟ್ಟರ್ ಹಾರ್ಕರ್ ಆದ. ಸೇತುವೆ ದಾಟಿದ ಮೇಲೆ ಪ್ರೇತಗಳು ಎದುರಾದುವೆಂಬ ಅರ್ಥದ ಫಲಕವೊಂದು ಫ್ರೆಂಚ್ ಪ್ರತಿಯಲ್ಲಿ ಮೂಲಕ್ಕಿಂತ ಬೇರೆಯಾದ ರೂಪ ತಾಳಿ, ಆಂದ್ರೆ ಬ್ರೆತೋಂ ಮೊದಲಾದ ಅತಿವಾಸ್ತವವಾದಿಗಳಿಗೆ ಮಂತ್ರದಂತಾಯಿತು. ಪಾಠಾಂತರವೇ ಹೀಗೆ ಸಾಹಿತ್ಯಚಳವಳಿಯೊಂದರ ಸ್ಫೂರ್ತಿಯಾದದ್ದು ಗ್ರಂಥಸಂಪಾದಕರಿಗೆ ವಿಚಾರಾರ್ಹ ಸಂಗತಿ.

ಚಿತ್ರ 1922ರ ಮಾರ್ಚ್ 4ರಂದು ಬರ್ಲಿನ್ನಿನ ಪ್ರಾಣಿಸಂಗ್ರಹಾಲಯದ ಅಮೃತಶಿಲೆಯ ಸಭಾಂಗಣದಲ್ಲಿ ಮೊದಲು ಪ್ರದರ್ಶನಗೊಂಡಿತು. ಕಾದಂಬರಿಯ ಹಕ್ಕನ್ನು ನಿರ್ಮಾಪಕರು ಪಡೆದಿರಲಿಲ್ಲ. 1912ರಲ್ಲಿ ತೀರಿಕೊಂಡಿದ್ದ ಸ್ಟೋಕರನ ಪತ್ನಿ ಫ್ಲಾರೆನ್ಸ್ ಬ್ರಿಟನ್ನಿನ ಲೇಖಕರ ಸಂಘದ ನೆರವಿನಿಂದ ದಾವೆ ಹೂಡಿದಳು. ಪ್ರಾಣ–ಫಿಲ್ಮ್ ಅಷ್ಟರಲ್ಲಿ ದಿವಾಳಿಯಾಗಿತ್ತು. ಹಣ ಹುಟ್ಟದಿದ್ದಾಗ ಆಕೆ ಚಿತ್ರದ ನಾಶವನ್ನೇ ಬಯಸಿದಳು, ನ್ಯಾಯಾಲಯ ಒಪ್ಪಿತು. ಸಿನಿಮಾಚರಿತ್ರೆಗಳಲ್ಲಿ ಫ್ಲಾರೆನ್ಸ್ ಕಲೆಯ ವೈರಿಯಾಗಿ ಚಿತ್ರಿತಳಾಗಿರುವುದು ನ್ಯಾಯವಲ್ಲ. ಗಂಡನ ಕಾದಂಬರಿಯೊಂದೇ ಆಧಾರವಾಗಿದ್ದ ವಿಧವೆಯಿಂದ ಅನುಮತಿ ಕೇಳದೆ, ಕಾಸೂ ಕೊಡದೆ ಕಥೆಯನ್ನು ಎತ್ತಿಕೊಂಡವರು ನಿರ್ಮಾಪಕರು. ಆಕೆ ಗೆದ್ದಿದ್ದರೆ ಒಂದು ಮಹತ್ಕೃತಿ ಇಲ್ಲವಾಗುತ್ತಿತ್ತು ಎಂಬುದು ಎಷ್ಟು ಸತ್ಯವೋ, ಆಕೆಯ ಬೇಡಿಕೆ ನ್ಯಾಯವಾದದ್ದು ಎಂಬುದೂ ಅಷ್ಟೇ ಸತ್ಯ. ವಿದೇಶಗಳಿಗೆ ಮೊದಲೇ ಮಾರಾಟವಾಗಿದ್ದ ಪ್ರತಿಗಳು ತೀರ್ಪಿನ ಕೈಗೆ ಸಿಗಲಿಲ್ಲ.

ಈ ಚಿತ್ರದ ಕುರಿತ ಅರ್ಥವಿವರಣೆಗಳಲ್ಲಿ ಜೀಗ್‌ಫ್ರೀಡ್ ಕ್ರಾಕೌವರ್ 1947ರಲ್ಲಿ ಮಂಡಿಸಿದ ವಾದ ಪ್ರಭಾವಶಾಲಿಯಾದುದು. ವೈಮರ್ ಕಾಲದ ತೆರೆಯ ಮೇಲಿನ ದುರುಳರಲ್ಲಿ ಬರಲಿರುವ ಸರ್ವಾಧಿಕಾರಿಯ ಮುನ್ಸೂಚನೆಯನ್ನು ಆತ ಕಂಡ. ಪೂರ್ವದಿಂದ ಇಲಿಗಳೊಡನೆ ಬರುವ, ಬಾಗಿದ ಮೂಗಿನ ಓರ್ಲಾಕ್‌ನಲ್ಲಿ ಯೆಹೂದ್ಯದ್ವೇಷದ ಚಿತ್ರಣಗಳ ನೆರಳನ್ನು ಗುರುತಿಸಿದವರೂ ಇದ್ದಾರೆ. ಚಿತ್ರಕಥೆಗಾರ ಗಾಲೀನ್ ಮತ್ತು ಮನೆ ದಲ್ಲಾಳಿಯ ಪಾತ್ರ ವಹಿಸಿದ ಅಲೆಕ್ಸಾಂಡರ್ ಗ್ರಾನಾಖ್ ಯೆಹೂದ್ಯರಾಗಿದ್ದರು. ಮುರ್ನೌನ ಪರಮಾಪ್ತ ಗೆಳೆಯ ಯೆಹೂದ್ಯ ಮೂಲದವನು. ಇದರಿಂದ ಆರೋಪ ತಾನಾಗಿ ಬಿದ್ದುಹೋಗುವುದಿಲ್ಲ, ಚಿತ್ರಗಳು ಮಾಡಿದವರ ಉದ್ದೇಶವನ್ನು ಮೀರಿ ಸಂಚರಿಸುತ್ತವೆ. ಆದರೂ 1922ರ ಪ್ರೇಕ್ಷಕರ ಬೆನ್ನ ಹಿಂದೆ ಮಹಾಯುದ್ಧದ ಹೆಣಗಳೂ 1918ರ ಇನ್‌ಫ್ಲುಯೆಂಜಾ ಪಿಡುಗೂ ಇದ್ದುವೆಂಬುದನ್ನು ಮೊದಲು ನೆನೆಯಬೇಕು. ಬೀದಿಯುದ್ದಕ್ಕೂ ಸಾಲಾಗಿ ಸಾಗುವ ಶವಪೆಟ್ಟಿಗೆಗಳು ಅವರಿಗೆ ಸಂಕೇತವಾಗಿ ಕಂಡಿರಲಾರವು.

1924ರ ‘ಕಟ್ಟಕಡೆಯ ಮನುಷ್ಯ’ ಚಿತ್ರದೊಡನೆ ಮುರ್ನೌ ಜರ್ಮನಿಯ ಅಗ್ರಗಣ್ಯ ನಿರ್ದೇಶಕನಾದ. ಹೋಟೆಲೊಂದರ ದ್ವಾರಪಾಲಕ ತನ್ನ ಸಮವಸ್ತ್ರವನ್ನು ಕಳೆದುಕೊಂಡು ಶೌಚಾಲಯದ ಆಳಾಗುವ ಕಥೆಯನ್ನು ಆತ ಸಂಭಾಷಣೆಯ ಫಲಕಗಳೇ ಇಲ್ಲದೆ ನಿರೂಪಿಸಿದ. ಕಾರ್ಲ್ ಮೇಯರನ ಚಿತ್ರಕಥೆ, ಕಾರ್ಲ್ ಫ್ರಾಯಿಂಡ್‌ನ ಛಾಯಾಗ್ರಹಣ. ಅಲ್ಲಿಯವರೆಗೆ ಕಾಲೂರಿ ನಿಂತಿದ್ದ ಕ್ಯಾಮೆರಾ ಇಲ್ಲಿ ಛಾಯಾಗ್ರಾಹಕನ ಎದೆಗೆ ಕಟ್ಟಿಕೊಂಡು ನಡೆಯಿತು, ಸೈಕಲ್ಲನ್ನೇರಿ ಸರಿಯಿತು. ಈ ಚಲನೆಯ ವಿದ್ಯೆಯನ್ನು ಮರಳಿ ಅಲೌಕಿಕದ ಸೇವೆಗೆ ಹಚ್ಚಿದ್ದು ‘ಫೌಸ್ಟ್’ನಲ್ಲಿ.

‘ಫೌಸ್ಟ್’ (1926) ಊಫಾ ಸಂಸ್ಥೆಯ ನಿರ್ಮಾಣ. ಹಾನ್ಸ್ ಕೀಸರನ ಚಿತ್ರಕಥೆ ಗಯಟೆಯ ನಾಟಕ, ಮಾರ್ಲೋನ ನಾಟಕ ಮತ್ತು ಜರ್ಮನ್ ಜನಪದ ಐತಿಹ್ಯಗಳನ್ನು ಬೆಸೆದು ಸಿದ್ಧವಾದದ್ದು. ಗಯಟೆಯನ್ನು ಕೆಡಿಸಿದರೆಂದು ಅಂದಿನ ವಿಮರ್ಶಕರು ದೂರಿದರು. ಹೆಸರಾಂತ ನಾಟಕಕಾರ ಗೆರ್ಹಾರ್ಟ್ ಹೌಪ್ಟ್‌ಮನ್‌ನಿಂದ ಫಲಕಗಳಿಗೆಂದು ಪದ್ಯ ಬರೆಸಲಾಗಿತ್ತಾದರೂ ಕಡೆಗೆ ತೆರೆಯ ಮೇಲೆ ಬಂದವು ಕೀಸರನ ಬರಹಗಳೇ. ವಿದ್ವತ್ತಿನಿಂದ ಬೇಸತ್ತ, ಪ್ಲೇಗಿನ ಮುಂದೆ ಸೋತ ಮುದುಕನೊಬ್ಬ ಸೈತಾನನ ದೂತ ಮೆಫಿಸ್ಟೋನೊಡನೆ ಒಪ್ಪಂದ ಮಾಡಿಕೊಂಡು ಯೌವನ ಪಡೆಯುವ ಕಥೆ ಎಲ್ಲರಿಗೂ ಗೊತ್ತಿರುವುದೇ. ಸ್ವೀಡನ್ನಿನ ನಟ ಯೋಸ್ಟಾ ಎಕ್‌ಮನ್ ಮುದುಕ ಫೌಸ್ಟ್ ಮತ್ತು ತರುಣ ಫೌಸ್ಟ್ ಇಬ್ಬರನ್ನೂ ಅಭಿನಯಿಸಿದ. ಎಮಿಲ್ ಯಾನಿಂಗ್ಸ್ ಮೆಫಿಸ್ಟೋ. ಗ್ರೆಶನ್ ಪಾತ್ರಕ್ಕೆ ಅಮೆರಿಕದ ಲಿಲಿಯನ್ ಗಿಶ್‌ಳನ್ನು ಬಯಸಲಾಗಿತ್ತು. ಅದು ಕೂಡಿಬರದೆ ಹೊಸಬಳಾದ ಕಮಿಲಾ ಹಾರ್ನ್‌ಳಿಗೆ ಒಲಿಯಿತು.

ಚಿತ್ರ ಆರಂಭವಾಗುವುದು ಹೊಗೆಯ ನಡುವೆ ನುಗ್ಗಿಬರುವ ಪ್ರಳಯದ ಕುದುರೆಸವಾರರೊಡನೆ. ದೇವದೂತನಿಗೂ ಮೆಫಿಸ್ಟೋಗೂ ಭೂಮಿಯ ಒಡೆತನಕ್ಕಾಗಿ ಪಂಥ ನಡೆಯುತ್ತದೆ. ಮರುಕ್ಷಣ ಚಿಕ್ಕ ಊರೊಂದರ ಮೇಲೆ ಬೆಟ್ಟದಷ್ಟು ಎತ್ತರದ ಮೆಫಿಸ್ಟೋ ತನ್ನ ಕರಿಯ ಮೇಲಂಗಿಯನ್ನು ಹರಡುತ್ತಾನೆ. ಅದರ ಮಡಿಕೆಗಳಿಂದ ಕಪ್ಪು ಹೊಗೆ ಇಳಿದು ಮನೆಗಳ ಮೇಲೆ ಮುಸುಕುತ್ತದೆ. ಆ ಹೊಗೆಯೇ ಪ್ಲೇಗು. ಈ ಒಂದು ಪ್ರತಿಮೆಗಾಗಿ ಕಲಾನಿರ್ದೇಶಕರಾದ ರಾಬರ್ಟ್ ಹೆರ್ಲ್ಟ್ ಮತ್ತು ವಾಲ್ಟರ್ ರೋರಿಗ್ ಊರಿನ ಮಾದರಿಯನ್ನು ಕಟ್ಟಿದರು. ಯಾನಿಂಗ್ಸ್‌ನನ್ನು ಅದರ ಮೇಲ್ಗಡೆ ಗಂಟೆಗಟ್ಟಲೆ ನಿಲ್ಲಿಸಿ, ಫ್ಯಾನುಗಳಿಂದ ಕಾಡಿಗೆಯನ್ನು ಊದಿಸಲಾಯಿತು. ಮೆಫಿಸ್ಟೋನ ಮೇಲಂಗಿಯನ್ನೇರಿ ಫೌಸ್ಟ್ ಆಕಾಶದಲ್ಲಿ ಹಾರುವ ದೃಶ್ಯಕ್ಕೆ ಬೆಟ್ಟ, ಹೊಳೆ, ಊರುಗಳ ದೀರ್ಘ ಮಾದರಿಯನ್ನು ಕಟ್ಟಿ ಅದರ ಮೇಲೆ ಕ್ಯಾಮೆರಾವನ್ನು ಹಳಿಗಳಲ್ಲಿ ಓಡಿಸಿದರು. ಯುದ್ಧದಲ್ಲಿ ವಿಮಾನ ಹಾರಿಸಿದ್ದವನ ಕಣ್ಣು ಈ ದೃಶ್ಯದಲ್ಲಿ ಕೆಲಸಮಾಡಿದೆಯೆಂದು ಊಹಿಸಿದರೆ ಅತಿಯಾಗದು. ಕವಲುದಾರಿಯಲ್ಲಿ ನಿಂತು ಫೌಸ್ಟ್ ಸೈತಾನನನ್ನು ಕರೆದಾಗ ಆತನ ಸುತ್ತ ನೆಲದಿಂದ ಬೆಂಕಿಯ ಬಳೆಗಳು ಒಂದರ ಮೇಲೊಂದು ಏಳುತ್ತವೆ. ಬಳಿಕ ಮರದ ಬುಡದಲ್ಲಿ ಸಾಧಾರಣ ಹಳ್ಳಿಗನಂತೆ ಕುಳಿತು ಟೋಪಿ ತೆಗೆದು ವಂದಿಸುವ ಮೆಫಿಸ್ಟೋ ಆ ಬೆಂಕಿಗಿಂತ ಹೆಚ್ಚು ನಡುಕ ಹುಟ್ಟಿಸುತ್ತಾನೆ.

ಚಿತ್ರದ ನಡುಭಾಗ ಈ ಎತ್ತರವನ್ನು ಉಳಿಸಿಕೊಳ್ಳುವುದಿಲ್ಲ. ಗ್ರೆಶನ್‌ಳ ನೆರೆಮನೆಯ ಚಿಕ್ಕಮ್ಮ ಮಾರ್ಥೆಯೊಡನೆ ಮೆಫಿಸ್ಟೋ ನಡೆಸುವ ಸರಸದ ಪ್ರಸಂಗ ಲಂಬಿಸಿದೆ. ಯಾನಿಂಗ್ಸ್ ಅಲ್ಲಿ ಪಾತ್ರಕ್ಕಿಂತ ತನ್ನನ್ನೇ ತೋರಿಸಿಕೊಳ್ಳುತ್ತಾನೆ. ಆದರೆ ಕೂಸನ್ನು ಎತ್ತಿಕೊಂಡು ಹಿಮದಲ್ಲಿ ಅಲೆಯುವ ಗ್ರೆಶನ್ ಕಾಣಿಸಿಕೊಂಡೊಡನೆ ಚಿತ್ರ ಚೇತರಿಸುತ್ತದೆ. ಭ್ರಮೆಯಲ್ಲಿ ಆಕೆಗೆ ಹಿಮದ ಮೇಲೆ ತೊಟ್ಟಿಲು ಕಾಣುತ್ತದೆ, ಆಕೆ ಕೂಸನ್ನು ಅದರಲ್ಲಿ ಮಲಗಿಸುತ್ತಾಳೆ, ತೊಟ್ಟಿಲು ಇರುವುದಿಲ್ಲ. ಬಂಧನಕ್ಕೊಳಗಾದ ಆಕೆಯ ಚೀತ್ಕಾರವನ್ನು ಮೂಕಚಿತ್ರವೊಂದು ಹೇಗೆ ಕೇಳಿಸಬೇಕು? ಕೂಗುವ ಆಕೆಯ ಮುಖವೇ ಬೆಟ್ಟ ಕಣಿವೆಗಳ ಮೇಲೆ ಹಾಯ್ದು ದೂರದಲ್ಲಿರುವ ಫೌಸ್ಟ್‌ನನ್ನು ತಲುಪುತ್ತದೆ. ಶಬ್ದ ಬಂದ ಮೇಲಿನ ಸಿನಿಮಾ ಇಂತಹ ಕೂಗನ್ನು ಮತ್ತೆ ಕೇಳಿಸಿದ್ದು ಕಡಿಮೆ. ಫೌಸ್ಟ್ ತಾನು ಪಡೆದ ಯೌವನವನ್ನು ಶಪಿಸುತ್ತಾನೆ, ಒಡನೆಯೇ ಮುದುಕನಾಗುತ್ತಾನೆ, ಆಕೆಯನ್ನು ಸುಡುವ ಚಿತೆಯನ್ನೇರುತ್ತಾನೆ. ಬೆಂಕಿಯ ಬೆಳಕಿನಲ್ಲಿ ಆಕೆಗೆ ಒಂದು ಕ್ಷಣ ಆ ಮುದುಕನಲ್ಲಿ ತನ್ನ ತರುಣ ಕಾಣುತ್ತಾನೆ.

ಈ ಚಿತ್ರದ ಪಾಠಸಮಸ್ಯೆ ‘ನೊಸ್ಫೆರಾಟು’ವಿನದಕ್ಕಿಂತ ಭಿನ್ನ. ‘ನೊಸ್ಫೆರಾಟು’ವನ್ನು ಹಣದ ಅಭಾವದಿಂದ ಒಂದೇ ಕ್ಯಾಮೆರಾದಲ್ಲಿ ಚಿತ್ರಿಸಲಾಗಿತ್ತು; ಅದಕ್ಕಿದ್ದುದು ಒಂದೇ ಮೂಲ ನೆಗೆಟಿವ್. ‘ಫೌಸ್ಟ್’ಗೆ ಹಣದ ಕೊರತೆಯಿರಲಿಲ್ಲ. ನಕಲು ತೆಗೆದರೆ ಬಿಂಬದ ಸ್ಪಷ್ಟತೆ ಕುಂದುತ್ತಿದ್ದ ಆ ಕಾಲದಲ್ಲಿ ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಮೂಲ ನೆಗೆಟಿವ್‌ಗಳನ್ನೇ ಸಿದ್ಧಪಡಿಸುವುದು ರೂಢಿ. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಚಿತ್ರಿಸಿ, ಒಳ್ಳೆಯದನ್ನು ಜರ್ಮನ್ ಪ್ರತಿಗೂ ಉಳಿದುದನ್ನು ರಫ್ತಿನ ಪ್ರತಿಗಳಿಗೂ ಬಳಸಿಕೊಳ್ಳಲಾಯಿತು. ಅಮೆರಿಕದ ಎಂ.ಜಿ.ಎಂ. ಸಂಸ್ಥೆಗಾಗಿ 1926ರಲ್ಲಿ ಮುರ್ನೌ ತಾನೇ ಇನ್ನೊಂದು ರೂಪವನ್ನು ಜೋಡಿಸಿಕೊಟ್ಟ. ಹೀಗೆ ಗುರುತಿಸಲಾಗಿರುವ ಐದು ರೂಪಗಳಲ್ಲಿ ದೃಶ್ಯದ ಗತಿ, ಕ್ಯಾಮೆರಾದ ಕೋನ, ಕೆಲವೆಡೆ ಉಡುಪು ಮತ್ತು ಸೆಟ್ ಕೂಡ ಬೇರೆಯಾಗಿವೆ. ಕರಡಿಯೊಂದು ಬರುವ ದ್ರಶ್ಯದಲ್ಲಿ ಕೆಲವು ಪ್ರತಿಗಳಲ್ಲಿ ಕರಡಿಯ ವೇಷ ತೊಟ್ಟ ಮನುಷ್ಯನಿದ್ದರೆ ಇನ್ನು ಕೆಲವುಗಳಲ್ಲಿ ನಿಜವಾದ ಕರಡಿಯೇ ಇದೆ. ಲೋಕ ಬಹುಕಾಲ ಕಂಡದ್ದು ರಫ್ತಿಗೆಂದು ಜೋಡಿಸಿದ, ದ್ವಿತೀಯ ದರ್ಜೆಯ ತುಣುಕುಗಳ ಪ್ರತಿಗಳನ್ನು. ಸ್ಪೇನಿನ ಸಂಶೋಧಕ ಲುಸಿಯಾನೋ ಬೆರಿಯಾಟುವಾ ಸ್ಪೇನಿನ ಫಿಲ್ಮೊಟೆಕಾ ಸಂಸ್ಥೆಯ ಆಶ್ರಯದಲ್ಲಿ ಈ ಪ್ರತಿಗಳನ್ನು ಚೌಕಟ್ಟು ಚೌಕಟ್ಟಾಗಿ ಹೋಲಿಸಿ ಜರ್ಮನ್ ಪಾಠವನ್ನು ಪುನಾರಚಿಸಿದ. ಆ ಮೂಲ ಜರ್ಮನ್ ರೂಪದ ಏಕೈಕ ಪ್ರತಿ ಉಳಿದದ್ದು ಡೆನ್ಮಾರ್ಕಿನಲ್ಲಿ.

ಇಲ್ಲಿ ಗ್ರಂಥಸಂಪಾದನೆಯ ಮಾದರಿಗೂ ಒಂದು ಮಿತಿಯಿದೆ. ಓಲೆಗರಿಯ ಪಾಠಾಂತರ ಬಹುಮಟ್ಟಿಗೆ ಲಿಪಿಕಾರನದು. ‘ಫೌಸ್ಟ್’ನ ಐದು ರೂಪಗಳೂ ಒಂದೇ ಕಾರ್ಯಾಗಾರದಿಂದ ಹೊರಟವು, ಅಮೆರಿಕದ ರೂಪವಂತೂ ಕರ್ತೃವಿನ ಕೈಯದೇ. ಜರ್ಮನ್ ಪ್ರತಿಯನ್ನು ಶುದ್ಧಪಾಠವೆಂದೂ ಉಳಿದವನ್ನು ಅಪಪಾಠಗಳೆಂದೂ ವಿಂಗಡಿಸುವುದಕ್ಕಿಂತ, ಕರ್ತೃವೇ ಬೇರೆ ಬೇರೆ ಸಭೆಗೆ ಬೇರೆ ಬೇರೆ ಪಾಠವನ್ನು ಒಪ್ಪಿಸಿದನೆಂದು ತಿಳಿಯುವುದು ವಾಸ್ತವಕ್ಕೆ ಹತ್ತಿರವಾಗುತ್ತದೆ. ಹಾಗಿದ್ದೂ ಜರ್ಮನ್ ಪ್ರತಿಯಲ್ಲಿ ಬೆಳಕಿನ ನಿಖರತೆ ಉಳಿದವುಗಳಿಗಿಂತ ಮಿಗಿಲಾಗಿದೆಯೆಂಬುದು ನೋಡಿದವರಿಗೆ ತಿಳಿಯದಿರದು.

1926ರ ಅಕ್ಟೋಬರಿನಲ್ಲಿ ಬರ್ಲಿನ್ನಿನಲ್ಲಿ ‘ಫೌಸ್ಟ್’ ತೆರೆಕಾಣುವ ಹೊತ್ತಿಗೆ ಮುರ್ನೌ ಅಮೆರಿಕದಲ್ಲಿದ್ದ. ವಿಲಿಯಂ ಫಾಕ್ಸ್ ಆತನನ್ನು ಅಪೂರ್ವ ಸ್ವಾತಂತ್ರ್ಯವಿತ್ತು ಕರೆಸಿಕೊಂಡಿದ್ದ. ಅಲ್ಲಿ ಮಾಡಿದ ‘ಸನ್‌ರೈಸ್’ (1927) 1929ರ ಮೊದಲ ಆಸ್ಕರ್ ಸಮಾರಂಭದಲ್ಲಿ ಅನನ್ಯ ಕಲಾತ್ಮಕ ನಿರ್ಮಾಣಕ್ಕೆಂದು ಇಟ್ಟಿದ್ದ ಪ್ರಶಸ್ತಿಯನ್ನೂ ಛಾಯಾಗ್ರಹಣದ ಪ್ರಶಸ್ತಿಯನ್ನೂ ಪಡೆಯಿತು. ನಟಿ ಜಾನೆಟ್ ಗೇನರ್‌ಳ ಪ್ರಶಸ್ತಿಯಲ್ಲಿಯೂ ಅದರ ಪಾಲಿತ್ತು. ಅದರ ಮೂಲ ನೆಗೆಟಿವ್ 1937ರ ಬೆಂಕಿಯಲ್ಲಿ ಸುಟ್ಟುಹೋಯಿತು. ಮುಂದಿನ ‘ನಾಲ್ವರು ದೆವ್ವಗಳು’ (1928) ಸಂಪೂರ್ಣವಾಗಿ ಕಳೆದುಹೋಗಿದೆ. 1930ರ ‘ಸಿಟಿ ಗರ್ಲ್’ಗೆ ಸಂಸ್ಥೆ ಮಾತಿನ ದೃಶ್ಯಗಳನ್ನು ಸೇರಿಸಿತು; ಮೂಕರೂಪ ಬಹುಕಾಲದ ಮೇಲೆ ಪತ್ತೆಯಾಯಿತು. ಇಲ್ಲಿಯ ಪ್ರಕ್ಷಿಪ್ತಗಳು ಲಿಪಿಕಾರರವಲ್ಲ, ಧಣಿಗಳವು.

ಸ್ಟುಡಿಯೋದ ಹಂಗನ್ನು ತೊರೆದ ಮುರ್ನೌ 1929ರಲ್ಲಿ ದಕ್ಷಿಣ ಪೆಸಿಫಿಕ್ ದ್ವೀಪಗಳಿಗೆ ಹೊರಟ. ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಜೊತೆಗಾರ. ಇಬ್ಬರ ದೃಷ್ಟಿಗಳೂ ಹೊಂದದೆ ಫ್ಲಾಹರ್ಟಿ ಹಿಂದೆ ಸರಿದ. ಮುರ್ನೌ ತನ್ನ ಹಣವನ್ನೇ ಹಾಕಿ ‘ತಾಬೂ’ ಚಿತ್ರವನ್ನು ಮುಗಿಸಿದ. ಉಜ್ವಲವಾದ ಬಿಸಿಲಿನಲ್ಲಿ, ದ್ವೀಪವಾಸಿಗಳೇ ಅಭಿನಯಿಸಿದ ಆ ಚಿತ್ರದಲ್ಲಿ ಪ್ರೇಮಿಗಳನ್ನು ಅಟ್ಟಿಸಿಕೊಂಡು ಬರುವ ಮುದುಕನ ನೆರಳು ಗುಡಿಸಲಿನೊಳಗೆ ಬೀಳುತ್ತದೆ. ‘ನೊಸ್ಫೆರಾಟು’ವಿನ ಮೆಟ್ಟಿಲಿನ ನೆರಳು ಒಂಬತ್ತು ವರ್ಷಗಳ ಬಳಿಕ ಉಷ್ಣವಲಯದ ಬೆಳದಿಂಗಳಿಗೆ ಬಂದಿತ್ತು.

‘ತಾಬೂ’ ಬಿಡುಗಡೆಯಾಗಲು ಒಂದು ವಾರವಿರುವಾಗ, ಕ್ಯಾಲಿಫೋರ್ನಿಯಾದ ಕರಾವಳಿಯ ರಸ್ತೆಯಲ್ಲಿ ಆತನ ಬಾಡಿಗೆ ಕಾರು ಅಪಘಾತಕ್ಕೀಡಾಯಿತು. 1931ರ ಮಾರ್ಚ್ 11ರಂದು ಸಾಂಟಾ ಬಾರ್ಬರಾದಲ್ಲಿ ಮುರ್ನೌ ಕೊನೆಯುಸಿರೆಳೆದ. ಆಗ ಆತನಿಗೆ ನಲವತ್ತೆರಡು ವರ್ಷ. ದೇಹವನ್ನು ಜರ್ಮನಿಗೆ ಒಯ್ದು ಬರ್ಲಿನ್ ಸಮೀಪದ ಸ್ಟಾನ್ಸ್‌ಡೋರ್ಫ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಫ್ರಿಟ್ಜ್ ಲಾಂಗ್ ಅಂತಿಮ ನುಡಿಗಳನ್ನಾಡಿದ. ನಿಷಿದ್ಧ ಸ್ಥಳವನ್ನು ಕೆಣಕಿದ್ದರಿಂದ ಶಾಪ ತಟ್ಟಿತೆಂಬ ದಂತಕಥೆಗಳು ಬೇಗನೆ ಹುಟ್ಟಿಕೊಂಡವು. ಓರ್ಲಾಕ್‌ನ ಪಾತ್ರಧಾರಿ ಮಾಕ್ಸ್ ಶ್ರೆಕ್ ರೈನ್‌ಹಾರ್ಟ್ ಬಳಗದ ನುರಿತ ರಂಗನಟನಾಗಿದ್ದರೂ ಆತ ನಿಜವಾದ ಪ್ರೇತವೇ ಆಗಿದ್ದನೆಂಬ ಕಟ್ಟುಕಥೆ 2000ದಲ್ಲಿ ಒಂದು ಚಲನಚಿತ್ರಕ್ಕೂ ವಸ್ತುವಾಯಿತು. 2015ರ ಜುಲೈನಲ್ಲಿ ಯಾರೋ ಮುರ್ನೌನ ಸಮಾಧಿಯನ್ನು ಒಡೆದು ತಲೆಬುರುಡೆಯನ್ನು ಕದ್ದೊಯ್ದರು. ಕಾಡಿಗೆ, ಫ್ಯಾನು, ಹಳಿ, ನೀಲಿ ಬಣ್ಣಗಳಿಂದ ಭಯವನ್ನು ಕಟ್ಟಿದ ಕುಶಲಕರ್ಮಿಯನ್ನು ಮಾಂತ್ರಿಕನೆಂದು ನಂಬಿದವರ ಕೆಲಸವಿದ್ದೀತು.

‘ನೊಸ್ಫೆರಾಟು’ವನ್ನು 1979ರಲ್ಲಿ ವೆರ್ನರ್ ಹೆರ್ಜಾಗ್, 2024ರಲ್ಲಿ ರಾಬರ್ಟ್ ಎಗರ್ಸ್ ಮತ್ತೆ ಚಿತ್ರಿಸಿದರು. ಮೂಲಚಿತ್ರದ ಬಣ್ಣಗಳನ್ನು ಮರಳಿ ತಂದ ಪುನರುದ್ಧಾರ 2005–06ರಲ್ಲಿ ನಡೆಯಿತು. ಅದಕ್ಕೆ ಆಧಾರವಾದದ್ದು ಫ್ರಾನ್ಸಿನಲ್ಲಿ ಉಳಿದಿದ್ದ, 1922ರ ಕಾಲದ, ಬಣ್ಣ ಹಿಡಿಸಿದ ಒಂದು ಪ್ರತಿ. ಕೆಲಸವನ್ನು ಮಾಡಿಸಿದ್ದು ಜರ್ಮನಿಯ ವೀಸ್‌ಬಾಡೆನ್ ನಗರದಲ್ಲಿರುವ, ಮುರ್ನೌನ ಹೆಸರನ್ನೇ ಹೊತ್ತ ಪ್ರತಿಷ್ಠಾನ. ಅದರಲ್ಲಿ ಓರ್ಲಾಕ್ ಶವಪೆಟ್ಟಿಗೆಯನ್ನು ಕಂಕುಳಲ್ಲಿ ಹಿಡಿದು ಪಟ್ಟಣದ ಬೀದಿಗಳನ್ನು ದಾಟುವುದು ನೀಲಿ ಇರುಳಿನಲ್ಲಿ.